ಗಾಲಿಕುರ್ಚಿ ಕೊಡುವ ಮೊದಲು ಮನೆ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಡಿಕೆ ಮರದಿಂದ ಬಿದ್ದವರ ಸುದ್ದಿ ಬರುತ್ತಿರುತ್ತದೆ, ಎರಡು ಮೂರು ಸಾಲು. ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲೇಬೇಕು, ಮಳೆ ಸ್ವಲ್ಪ ಹೊಳವಾದಾಗಲೇ ಹತ್ತಬೇಕು, ಮರ ನೋಡಿದರೆ ಪಾಚಿ ಕಟ್ಟಿ ಜಾರುತ್ತಿರುತ್ತದೆ. ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದದ ಫೈಬರ್ ದೋಟಿ ಬಂದ ಮೇಲೆ ಹತ್ತುವವರು ಕಡಿಮೆಯಾಗಿದ್ದಾರೆ, ನಿಜ. ಆದರೆ ಎತ್ತರದ ಹಳೇ ತೋಟಗಳಲ್ಲಿ ಈಗಲೂ ಹತ್ತುತ್ತಾರೆ. ಬಿದ್ದವರನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಸೇರಿಸಲಾಗಿದೆ ಎನ್ನುವಲ್ಲಿಗೆ ಸುದ್ದಿ ನಿಲ್ಲುತ್ತದೆ. ಆಮೇಲಿನದನ್ನು ನಾನು ಸ್ವಲ್ಪ ಹೇಳಬಲ್ಲೆ. ಬೆನ್ನುಹುರಿಗೆ ಪೆಟ್ಟಾಗಿ, ಆಪರೇಷನ್ ಮುಗಿಸಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಊರಿಗೆ ಬಂದವರು ನಮ್ಮಂಥ ಸಣ್ಣ ಆಸ್ಪತ್ರೆಗೇ ಬರುವುದು. ನಾನು ಇಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್.

ಫಿಸಿಯೋದವರು ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ, ಕೆಲವು ಸಲ ಡಾಕ್ಟರುಗಳೂ. ಫಿಸಿಯೋಥೆರಪಿಯವರು ಕೈಕಾಲಿಗೆ ಬಲ ಬರಿಸುತ್ತಾರೆ, ನಡೆಸುತ್ತಾರೆ. ನಾವು ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದು, ಅಡುಗೆ, ದುಡಿಮೆ ಇವನ್ನೆಲ್ಲ ಈಗಿರುವ ಶಕ್ತಿಯಲ್ಲೇ ಹೇಗೆ ಮಾಡುವುದು ಅಂತ ಕಲಿಸುತ್ತೇವೆ, ಬೇಕಾದರೆ ಮನೆಯನ್ನೂ ಸಾಮಾನನ್ನೂ ಬದಲಾಯಿಸುತ್ತೇವೆ. ಎರಡೂ ಬೇಕು.

ಈಗ ಗಾಲಿಕುರ್ಚಿಯ ವಿಷಯಕ್ಕೆ ಬರುತ್ತೇನೆ. ಶಿಬಿರದಲ್ಲಿ ಸಾಲಾಗಿ ಕೂರಿಸಿ ಗಾಲಿಕುರ್ಚಿ ಕೊಡುತ್ತಾರೆ, ಫೋಟೋ ಬರುತ್ತದೆ, ಒಳ್ಳೆಯದೇ. ಆದರೆ ಮನೆಗೆ ಹೋಗಿ ನೋಡಿದರೆ ಎಷ್ಟೋ ಕಡೆ ಆ ಕುರ್ಚಿ ಜಗಲಿಯ ಮೂಲೆಯಲ್ಲಿ ನಿಂತಿರುತ್ತದೆ, ಮೇಲೆ ಒಣಗದ ಕಂಬಳಿ. ಯಾಕೆ? ಮಲೆನಾಡಿನ ಹಳೇ ಮನೆಗೆ ಹೊಸ್ತಿಲು ಅರ್ಧ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಅನ್ನುವುದು ಲೆಕ್ಕ. ಅಂದರೆ ಆ ಒಂದು ಹೊಸ್ತಿಲಿಗೇ ಆರು ಅಡಿ, ಒಳಗೂ ಹೊರಗೂ. ಅದು ದಾಟಿದರೆ ಬಚ್ಚಲಿರುವುದು ಮನೆ ಹಿಂದೆ, ನಡುವೆ ಪಾಚಿಗಟ್ಟಿದ ಅಂಗಳ, ಬಚ್ಚಲ ಬಾಗಿಲು ಕುರ್ಚಿಗಿಂತ ಕಿರಿದು. ಕೊನೆಗೆ ಹೆಂಡತಿಯೋ ತಮ್ಮನೋ ಎತ್ತಿಕೊಂಡೇ ಹೋಗಬೇಕು. ಅವರ ಸೊಂಟವೂ ಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ. ಊರಿನ ಗ್ರಿಲ್ ಮಾಡುವವರ ಹತ್ತಿರ ಅಳತೆ ಕೊಟ್ಟು ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಮೇಲೆ ಕಮೋಡ್ ಸೀಟು ಕೂರಿಸಿದರೆ ಕುಕ್ಕರಗಾಲಲ್ಲಿ ಕೂರುವ ಕಕ್ಕಸೇ ಸಾಕಾಗುತ್ತದೆ. ಗೋಡೆಗೆ ಒಂದು ಹಿಡಿಕೆ. ಆದರೆ ಯಾವ ಕಡೆ ಹಿಡಿಕೆ, ಎಷ್ಟು ಎತ್ತರಕ್ಕೆ ಅನ್ನುವುದನ್ನು ಆ ಮನುಷ್ಯನನ್ನು ಅಲ್ಲೇ ಕೂರಿಸಿ ನೋಡಿಯೇ ಹೇಳಬೇಕು, ಆಸ್ಪತ್ರೆಯ ಟೇಬಲ್ ಮೇಲೆ ಬರೆದುಕೊಡಲು ಆಗುವುದಿಲ್ಲ.

ಕುರ್ಚಿಯಲ್ಲಿ ಕೂರುವುದನ್ನೂ ಕಲಿಸಬೇಕು. ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಒತ್ತಿದ್ದು ಗೊತ್ತಾಗುವುದಿಲ್ಲ, ಚರ್ಮ ಕೊಳೆಯಲು ಶುರುವಾಗುತ್ತದೆ. ಅರ್ಧ ಗಂಟೆಗಾದರೂ ಒಮ್ಮೆ ಎರಡೂ ಕೈ ಊರಿ ಮೈ ಎತ್ತಬೇಕು, ಇಲ್ಲವೇ ಪಕ್ಕಕ್ಕೆ ವಾಲಬೇಕು. ನಮ್ಮ ಕಡೆ ಪ್ರೀತಿಯಿಂದ ಗಾಳಿ ತುಂಬಿದ ಟ್ಯೂಬ್ ತಂದು ಕೂರಿಸುತ್ತಾರೆ. ದಯವಿಟ್ಟು ಬೇಡ. ಟ್ಯೂಬಿನ ಅಂಚು ಸುತ್ತ ಒತ್ತಿ ನಡುವಿನ ಜಾಗಕ್ಕೆ ರಕ್ತ ಬರುವುದೇ ಕಡಿಮೆಯಾಗುತ್ತದೆ.

ಲಕ್ವ ಹೊಡೆದವರಂತೂ ಇನ್ನೂ ಜಾಸ್ತಿ. ಮೊದಲ ಕೆಲವು ತಿಂಗಳಲ್ಲೇ ಹೆಚ್ಚಿನ ಚೇತರಿಕೆ ಆಗುವುದು, ಆ ತಿಂಗಳುಗಳನ್ನು ಎಣ್ಣೆ ತಿಕ್ಕುವುದರಲ್ಲೇ ಕಳೆದು ಬರುತ್ತಾರೆ. ಏಳಿಸುವಾಗ ಬಿದ್ದುಹೋದ ಕೈಯನ್ನೇ ಹಿಡಿದು ಎಳೆದು ಎಳೆದು ಭುಜದ ಕೀಲು ಸಡಿಲವಾಗಿರುತ್ತದೆ. ಒಬ್ಬರು ಅಮ್ಮ ಇದ್ದರು, ಬಲಗೈ ಹೋಗಿತ್ತು. ನಡಿಗೆ ಬಂದರೂ ಖುಷಿಯಿಲ್ಲ. ಅವರ ಮನೆಯಲ್ಲೇ ಒಂದು ಹಲಗೆ ತುಂಡಿಗೆ ಎರಡು ಸ್ಟೀಲ್ ಮೊಳೆ ಹೊಡೆದು, ಮೊನೆ ಮೇಲಕ್ಕಿರುವ ಹಾಗೆ, ಕೆಳಗೆ ಸೈಕಲ್ ಟ್ಯೂಬಿನ ಚೂರು ಅಂಟಿಸಿ ಕೊಟ್ಟೆವು. ಮೊಳೆಗೆ ಸೌತೆಕಾಯಿ ಚುಚ್ಚಿ ನಿಲ್ಲಿಸಿದರೆ ಎಡಗೈಯೊಂದರಲ್ಲೇ ಹೆಚ್ಚಬಹುದು. 'ಇನ್ನು ಸೊಸೆ ತೋಟದಿಂದ ಬರೋವರೆಗೂ ಕಾಯೋದು ಬೇಡ ಬಿಡಿ' ಅಂದರು. ಮೆಟ್ಟುಗತ್ತಿ ಮಾತ್ರ ಇನ್ನೂ ಅಟ್ಟದ ಮೇಲೇ ಇದೆ, ಅದರಲ್ಲಿ ಹೆಚ್ಚಲು ನೆಲದ ಮೇಲೆ ಕೂರಬೇಕು, ಅವರಿಗೆ ಆಗುವುದಿಲ್ಲ.

ಈಗ ಕೇಳುವುದು ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಂದು ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆ ಕೊಡಿ, ಅದರ ಕೆಲಸದಲ್ಲಿ ಮನೆ ಭೇಟಿಯನ್ನು ಸೇರಿಸಿ, ಓಡಾಟದ ಖರ್ಚನ್ನೂ ಕೊಡಿ. ಆರೋಗ್ಯ ಸೇವೆಯ ವೃತ್ತಿಗಳ ಬಗ್ಗೆ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲಿ ನಮ್ಮ ವೃತ್ತಿಯ ಹೆಸರಿದೆ, ಹಳ್ಳಿಯಲ್ಲಿ ಹುದ್ದೆ ಎಲ್ಲಿದೆ? ಓದಿದವರು ಬೆಂಗಳೂರಿನ ಮಕ್ಕಳ ಥೆರಪಿ ಸೆಂಟರುಗಳಿಗೋ ವಿದೇಶಕ್ಕೋ ಹೋಗುತ್ತಾರೆ. ಅವರನ್ನು ದೂರುವುದು ಸುಮ್ನೆ. ವರ್ಷವರ್ಷ ಗುತ್ತಿಗೆ ಅಂದರೆ ಯಾರು ತಾನೇ ಇಲ್ಲಿಗೆ ಬಂದು ಬಾಡಿಗೆ ಮನೆ ಹುಡುಕುತ್ತಾರೆ?

ಹಣದ ಮಾತಿಗೆ ಬಂದರೆ, ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆ ಅಂತ ಶೇ 5ರಷ್ಟು ಅನುದಾನ ತೆಗೆದಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ, ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆ ಹಣದಲ್ಲಿ ಇಳಿಜಾರು, ಹಿಡಿಕೆ, ಕಕ್ಕಸಿನ ಸ್ಟ್ಯಾಂಡ್ ಮಾಡಿಸಿಕೊಡಲಿ.

ಹುದ್ದೆ ಬರುವವರೆಗೂ ಕಾಯಬೇಕಿಲ್ಲ. ಶಿಬಿರಕ್ಕೆ ಹೋಗುವ ಮನೆಯವರಿಗೆ ಒಂದು ಮಾತು: ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ಬಚ್ಚಲ ಬಾಗಿಲಿನ ಅಗಲ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೊಬೈಲಿನಲ್ಲಿ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕುರ್ಚಿಗೆ ಸಹಿ ಹಾಕುವ ಮೊದಲು ಅಲ್ಲಿರುವವರಿಗೆ ತೋರಿಸಿ, ಇದು ನಮ್ಮ ಮನೆಯೊಳಗೆ ಹೋಗುತ್ತದಾ ಅಂತ ಕೇಳಿ.

ಇಂತಿ,
ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಶಿವಮೊಗ್ಗ ಜಿಲ್ಲೆ