ಹಾಸನದ ತಂಗಿಗೆ, ಇಂಟರ್ನ್‌ಗಳ ಬಗ್ಗೆ

ಮಿನ್ನೆಸೋಟ
ಅಕ್ಟೋಬರ್ 20

ಪ್ರೀತಿಯ ತಂಗಿಗೆ,

ನಾವು ಕ್ಷೇಮ. ಇಲ್ಲಿ ಚಳಿ ಶುರುವಾಗಿದೆ, ಸ್ವೆಟರ್ ಹೊರಗೆ ಬಂದಿದೆ ಅಂತ ಅಮ್ಮನಿಗೆ ಹೇಳಿದರೆ ಸಾಕು. ಇನ್ನು ನಿನ್ನ ಪ್ರಶ್ನೆ. ಕಾಲೇಜಿನವರು ಏಳನೇ ಸೆಮಿಸ್ಟರಿನ ಆರು ಮಂದಿಯನ್ನು ಇಂಟರ್ನ್‌ಗಳಾಗಿ ಕೈಗೆ ಕೊಟ್ಟು, ಹಾಸ್ಟೆಲ್ ರಜೆ ಅರ್ಜಿಗೆ ವೆಬ್‌ಸೈಟ್ ಮಾಡಿಸಿ ಅಂದಿದ್ದಾರೆ, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀಯ. ಇಲ್ಲಿ ಲೈಬ್ರರಿಯ ಓದುಕೋಣೆ ಬುಕ್ ಮಾಡುವ ಸಾಫ್ಟ್‌ವೇರಿಗೆ ವಿದ್ಯಾರ್ಥಿಗಳಿಂದ ಕೆಲಸ ತೆಗೆಯುವ ಕ್ರಮವನ್ನೇ ಬರೆಯುತ್ತೇನೆ. ಎರಡೂ ಹೆಚ್ಚುಕಡಿಮೆ ಒಂದೇ ಜಾತಿ: ಒಂದು ಫಾರ್ಮ್, ಒಂದು ಕ್ಯಾಲೆಂಡರ್, ಒಪ್ಪಿಗೆ ಕೊಡುವ ಒಬ್ಬರು.

ಮೊದಲು ಗಂಟೆಗಳ ಲೆಕ್ಕ ಹಾಕು. ಇಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಓದಿನ ನಡುವೆ ಒಬ್ಬರಿಂದ ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಅದೇ ಹೆಚ್ಚು. 15 ವಾರಕ್ಕೆ 150 ಗಂಟೆ ಆಯಿತು. ಲ್ಯಾಪ್‌ಟಾಪ್ ಅಣಿಮಾಡಿ ಅನುಮತಿ ಪಡೆಯಲು ಎರಡು ವಾರ, ನಡುವಿನ ಪರೀಕ್ಷೆಗೆ ಒಂದು, ಕೊನೆಯ ಪರೀಕ್ಷೆಗೆ ಎರಡು ಕಳೆದರೆ ಉಳಿಯುವುದು 100. ಪೂರ್ಣಾವಧಿ ನೌಕರನ ಎರಡೂವರೆ ವಾರ, ಅಷ್ಟೇ. "ಹೇಗೂ ಆರು ಜನ ಇದ್ದಾರಲ್ಲ, ಮೆಸ್ ಬಿಲ್ಲೂ ಸೇರಿಸಿಬಿಡಿ" ಅಂತ ಯಾರಾದರೂ ಬಂದರೆ ಈ ಲೆಕ್ಕವನ್ನೇ ಮುಂದಿಡು.

ಮೊದಲ ವಾರ ಒಂದು ಸಾಲು ಕೋಡೂ ಬರೆಸಬೇಡ. ಈಗಿರುವ ಕಾಗದದ ಅರ್ಜಿಯನ್ನು ಐದು ಜನ ತುಂಬುವುದನ್ನು ನಿನ್ನ ಇಂಟರ್ನ್‌ಗಳು ಪಕ್ಕದಲ್ಲಿ ಕೂತು ನೋಡಲಿ. ಯಾವ ಕಾಲಂ ಖಾಲಿ ಬಿಡುತ್ತಾರೆ, ಯಾವುದಕ್ಕೆ ಪಕ್ಕದವರನ್ನು ಕೇಳುತ್ತಾರೆ, ವಾರ್ಡನ್ ಯಾವುದನ್ನು ಓದದೆಯೇ ಸಹಿ ಹಾಕುತ್ತಾರೆ ಎಂದು ಬರೆದುಕೊಳ್ಳಲಿ. ವಾರ್ಡನ್ ಓದದ ಕಾಲಂ ವೆಬ್‌ಸೈಟಿಗೂ ಬೇಡ. ಐದು ಯಾಕೆಂದರೆ ವೆಬ್‌ಸೈಟುಗಳ ಬಳಕೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ ಹೀಗಿದೆ: ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ತೊಡಕು ಕಣ್ಣಿಗೆ ಬೀಳುತ್ತದೆ, ಐವರಾಗುವಷ್ಟರಲ್ಲಿ ಸುಮಾರು ಶೇ 85. ಹದಿನೈದು ಜನರನ್ನು ಒಂದೇ ಸಲ ಕೂರಿಸುವ ಬದಲು ಐದೈದರಂತೆ ಮೂರು ಸಲ, ನಡುವೆ ತಿದ್ದುತ್ತಾ ಹೋಗುವುದು ಲಾಭ. ಆದರೆ ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ. ವಿದ್ಯಾರ್ಥಿಗಳು ಬೇರೆ, ವಾರ್ಡನ್ ಬೇರೆ.

ಪರದೆ ಸಿದ್ಧವಾದ ಮೇಲೆ ಮತ್ತೆ ಐವರು. ಇಂಟರ್ನ್ ಇಲ್ಲಿ ಮಾಡುವ ತಪ್ಪುಗಳು ಎಲ್ಲ ಕಡೆಯೂ ಒಂದೇ. ಬಳಕೆದಾರ ತಡವರಿಸಿದ ಕೂಡಲೇ ಮೌಸ್ ಕಿತ್ತುಕೊಂಡು "ಇಲ್ಲಿ ಒತ್ತಿ" ಅನ್ನುತ್ತಾನೆ. ಅವನ ಕೈಯನ್ನು ಬೆನ್ನ ಹಿಂದೆ ಕಟ್ಟಿಸು, ಮಾತಿಗೆ ಒಂದೇ ವಾಕ್ಯ ಕೊಡು: "ಈಗ ಏನು ಅಂದುಕೊಳ್ಳುತ್ತಿದ್ದೀರಿ?" ಇನ್ನೊಂದು, ಪರೀಕ್ಷೆಯ ಪ್ರಶ್ನೆಯಲ್ಲೇ ಬಟನ್ನಿನ ಪದ ಹೇಳಿಬಿಡುವುದು. "ರಜೆ ಅರ್ಜಿ ಸಲ್ಲಿಸಿ" ಅಂದರೆ ಎದುರಿಗಿರುವವರು 'ಸಲ್ಲಿಸಿ' ಎಂಬ ಅಕ್ಷರ ಹುಡುಕುತ್ತಾರೆ. "ಶುಕ್ರವಾರ ಅಕ್ಕನ ಮದುವೆ, ಭಾನುವಾರ ರಾತ್ರಿ ವಾಪಸ್, ಏನು ಮಾಡುತ್ತೀರಿ?" ಅಂತ ಕೇಳಬೇಕು. ತಮ್ಮದೇ ತರಗತಿಯ ಗೆಳೆಯರನ್ನು ಕರೆತಂದು ಕೂರಿಸಿದರೆ ಬೇಡ ಅನ್ನು. ಕಂಪ್ಯೂಟರ್ ಸೈನ್ಸಿನವರು ಎಂಥ ಕೆಟ್ಟ ಪರದೆಯಲ್ಲೂ ದಾರಿ ಮಾಡಿಕೊಳ್ಳುತ್ತಾರೆ. ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ ಎಂಬ, ಬಳಕೆ ಎಷ್ಟು ಸುಲಭ ಎಂದು ಅಳೆಯುವ ಹತ್ತು ವಾಕ್ಯಗಳ ಪ್ರಶ್ನಾವಳಿಯೂ ಇಂಟರ್ನ್‌ಗಳಿಗೆ ಬಲು ಪ್ರಿಯ, ಕೊನೆಗೆ ನೂರಕ್ಕೆ ಇಷ್ಟು ಅಂತ ಅಂಕ ಬರುತ್ತದಲ್ಲ! ಐದು ಜನರ ಅಂಕ ವರದಿಯ ಅಲಂಕಾರಕ್ಕೆ ಸರಿ, ತೊಡಕು ಎಲ್ಲಿದೆ ಎಂದು ಅದು ಹೇಳುವುದಿಲ್ಲ.

ಈಗ ಫಾರ್ಮಿಗೆ ಬಾ. ಹೊಸಬರು ಲೇಬಲ್ ತೆಗೆದು, ಪೆಟ್ಟಿಗೆಯೊಳಗೇ ತಿಳಿ ಬೂದಿಯಲ್ಲಿ 'ರಿಜಿಸ್ಟರ್ ನಂಬರ್' ಎಂದು ಬರೆದು "ಕ್ಲೀನ್ ಆಗಿದೆ" ಅನ್ನುತ್ತಾರೆ. ಟೈಪ್ ಮಾಡಲು ಶುರು ಮಾಡಿದೊಡನೆ ಅದು ಮಾಯ. ಅರ್ಧದಲ್ಲಿ ಯಾರೋ ಮಾತಾಡಿಸಿ ತಿರುಗಿ ನೋಡಿದರೆ ಏನು ತುಂಬುತ್ತಿದ್ದೆವು ಎಂಬುದೇ ಮರೆತಿರುತ್ತದೆ. ಲೇಬಲ್ ಪೆಟ್ಟಿಗೆಯ ಮೇಲೆ, ಸದಾ ಕಾಣುವಂತೆ ಇರಲಿ. ಆ ಬೂದಿ ಬಣ್ಣವೂ ತಕರಾರಿನದೇ: ಬಿಳಿಯ ಮೇಲೆ ಹ್ಯಾಶ್ 999999 ಎಂಬ ಬಣ್ಣಸಂಕೇತದ ಬೂದಿಯ ಕಾಂಟ್ರಾಸ್ಟ್, ಅಂದರೆ ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅಂತರ, 2.85ಕ್ಕೆ 1, ಬೇಕಾದ್ದು ಕನಿಷ್ಠ 4.5ಕ್ಕೆ 1. ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ವೆಬ್‌ಸೈಟುಗಳು ಅಂಗವಿಕಲರಿಗೂ ಬಳಸಲಾಗುವಂತೆ ಡಬ್ಲ್ಯುಸಿಎಜಿ 2.1 ಎಂಬ ಮಾನದಂಡದ ಎಎ ಮಟ್ಟ ಮುಟ್ಟಬೇಕೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರದ ನಿಯಮವೇ ಬಂದಿದೆ, ಹಾಗಾಗಿ ಇದು ಅಭಿರುಚಿಯ ಮಾತಾಗಿ ಉಳಿದಿಲ್ಲ. ಪರೀಕ್ಷಿಸಲು ಯಂತ್ರ ಬೇಡ. ಮೌಸ್ ಕಿತ್ತಿಡು, ಟ್ಯಾಬ್ ಮತ್ತು ಎಂಟರ್ ಕೀಲಿಯಲ್ಲೇ ಅರ್ಜಿ ಮುಗಿಸು ಅನ್ನು. ಬಟನ್ ಟ್ಯಾಗ್ ಬಿಟ್ಟು ಡಿವ್ ಎಂಬ ಬರಿಯ ಪೆಟ್ಟಿಗೆಯ ಟ್ಯಾಗಿಗೆ ಬಣ್ಣ ಬಳಿದು ಬಟನ್ ಮಾಡಿದವರು ಅಲ್ಲೇ ಸಿಕ್ಕಿಬೀಳುತ್ತಾರೆ, ಟ್ಯಾಬ್ ಅಲ್ಲಿ ನಿಲ್ಲುವುದೇ ಇಲ್ಲ. ಆಮೇಲೆ ಎನ್‌ವಿಡಿಎ ಹಾಕಿಸು. ಅದು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್. ಪರದೆ ಆಫ್ ಮಾಡಿ ಹತ್ತು ನಿಮಿಷ ಕೇಳಿಸಿದರೆ ನೀನು ಉಪನ್ಯಾಸ ಕೊಡಬೇಕಾಗಿಲ್ಲ.

ಹೆಸರಿನ ಕಾಲಂ ಬಗ್ಗೆ ನಮ್ಮವರಿಗೆ ಹೇಳಬೇಕಾದ್ದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂದರ್ಥ. ಆ ದಾಖಲೆಯಿಂದಲೇ ಹೆಸರೆತ್ತಿಕೊಂಡ ವೆಬ್‌ಸೈಟು "ನಮಸ್ಕಾರ ಎಫ್‌ಎನ್‌ಯು" ಅನ್ನುತ್ತದೆ. ಆದ್ದರಿಂದ 'ಪೂರ್ಣ ಹೆಸರು' ಎಂಬ ಒಂದೇ ಪೆಟ್ಟಿಗೆ, ಪಕ್ಕದಲ್ಲಿ 'ಹೇಗೆ ಕರೆಯಬೇಕು' ಎಂಬ ಇನ್ನೊಂದು ಸಾಕು. ರಿಜಿಸ್ಟರ್ ನಂಬರನ್ನು ಡೇಟಾಬೇಸಿನಲ್ಲಿ ಸಂಖ್ಯೆಯಾಗಿ ಇಡಿಸಬೇಡ, ಅಕ್ಷರವಾಗಿ ಇಡಿಸು. ಸಂಖ್ಯೆಯಾದರೆ ಮೊದಲಲ್ಲಿರುವ ಸೊನ್ನೆಗಳು ಬಿದ್ದುಹೋಗುತ್ತವೆ.

ನೀನು ಕನ್ನಡದಲ್ಲೂ ಮಾಡಿಸುವುದಾದರೆ ಎರಡು ಎಚ್ಚರ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ ಬಟನ್ನಿನ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಯದೆ, ಸಾಲಿನ ಅಂತರ 1.6ರಷ್ಟು ಬಿಡಿಸು. ಎರಡನೆಯದು ಅಕ್ಷರ ಎಣಿಕೆ. 'ಸ್ತ್ರೀ' ನಮಗೆ ಒಂದಕ್ಷರ, ಜಾವಾಸ್ಕ್ರಿಪ್ಟಿಗೆ ಆರು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಕ್ರಮದಲ್ಲಿ 18 ಬೈಟ್. ರಜೆಯ ಕಾರಣಕ್ಕೆ 100 ಅಕ್ಷರದ ಮಿತಿ ಹಾಕಿದರೆ ಕನ್ನಡದಲ್ಲಿ ಬರೆದವರು ಅರ್ಧ ದಾರಿಯಲ್ಲೇ ನಿಲ್ಲುತ್ತಾರೆ.

ಒಂದು ತಪ್ಪನ್ನು ಮಾತ್ರ ಬಾಯಲ್ಲಿ ಹೇಳಬೇಡ, ಮಾಡಿ ತೋರಿಸು. ಇಂಟರ್ನ್ ಬರೆಯುವ ಬುಕಿಂಗ್ ಕೋಡ್ ಮೊದಲು "ಕೋಣೆ ಖಾಲಿಯೇ?" ಎಂದು ಡೇಟಾಬೇಸನ್ನು ಕೇಳುತ್ತದೆ, ಖಾಲಿ ಎಂದರೆ ಸೇರಿಸುತ್ತದೆ. ಅವನ ಲ್ಯಾಪ್‌ಟಾಪಿನಲ್ಲಿ ಅವನೊಬ್ಬನೇ, ಆದ್ದರಿಂದ ಎಂದೂ ಕೆಡುವುದಿಲ್ಲ. ಆ ಎರಡು ಹೆಜ್ಜೆಗಳ ನಡುವೆ ಐದು ಸೆಕೆಂಡ್ ನಿದ್ದೆ ಹಾಕಿಸಿ, ಎರಡು ಬ್ರೌಸರಿನಲ್ಲಿ ಒಟ್ಟಿಗೆ ಒತ್ತಿಸು. ಇಬ್ಬರಿಗೂ "ಕೋಣೆ ನಿಮ್ಮದು" ಅಂತ ಬರುತ್ತದೆ. ಪರೀಕ್ಷೆಯ ವಾರದಲ್ಲಿ ನೂರಾರು ಜನ ಒತ್ತುವಾಗ ಇದಕ್ಕೆ ಐದು ಸೆಕೆಂಡೂ ಬೇಡ, ಮಿಲಿಸೆಕೆಂಡುಗಳೇ ಸಾಕು. ಮದ್ದು ಡೇಟಾಬೇಸಿನಲ್ಲೇ ಇದೆ: ಕೋಣೆ ಮತ್ತು ಶುರುವಾಗುವ ಹೊತ್ತು, ಎರಡನ್ನೂ ಸೇರಿಸಿ ಯೂನಿಕ್ ನಿರ್ಬಂಧ, ಅಂದರೆ ಅದೇ ಜೋಡಿ ಎರಡನೇ ಸಲ ದಾಖಲಾಗದಂತೆ ತಡೆ. ಎರಡನೆಯವರ ವಿನಂತಿ ತಾನಾಗಿ ಬಿದ್ದುಹೋಗುತ್ತದೆ. ಆಗ ಅವರಿಗೆ 'ಎರರ್ 500' ಎಂಬ ಸರ್ವರ್ ದೋಷದ ಸಂದೇಶ ತೋರಿಸಿದರೆ ಕೆಲಸ ಅರ್ಧ ಮಾತ್ರ ಆದಂತೆ. "ಈಗಷ್ಟೇ ಬೇರೆಯವರು ತೆಗೆದುಕೊಂಡರು, 3:30ಕ್ಕೆ ಇದೇ ಕೋಣೆ ಖಾಲಿ ಇದೆ" ಅನ್ನಬೇಕು, ತುಂಬಿದ್ದೆಲ್ಲ ಪೆಟ್ಟಿಗೆಗಳಲ್ಲಿ ಹಾಗೇ ಇರಬೇಕು. ನಿನ್ನ ಕಡೆ ಇದೇ ರೋಗ ಬೇರೆ ವೇಷದಲ್ಲಿ ಬರುತ್ತದೆ: ನೆಟ್ ನಿಧಾನವಾಗಿ, ಹುಡುಗಿ ಎರಡು ಸಲ ಒತ್ತಿ, ವಾರ್ಡನ್ ಮುಂದೆ ಒಂದೇ ರಜೆಗೆ ಎರಡು ಅರ್ಜಿ.

ನಿಜವಾದ ವಿದ್ಯಾರ್ಥಿಗಳ ಪಟ್ಟಿಯನ್ನು ಇಂಟರ್ನ್‌ಗಳ ಕೈಗೆ ಕೊಡಲೇಬೇಡ. ಇಲ್ಲಿ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಗೆ 1974ರ ಫರ್ಪಾ ಕಾಯ್ದೆ ಇದೆ, ಅಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇನ್ನೂರು ಸುಳ್ಳು ಹೆಸರು ಮಾಡಿಸು, ಅದರಲ್ಲಿ ತರಲೆ ಹೆಸರುಗಳೂ ಇರಲಿ: ಮೂರು ಇನಿಷಿಯಲ್, ಅರವತ್ತು ಅಕ್ಷರ, ಕನ್ನಡ ಲಿಪಿ, ನಡುವೆ ಅಪಾಸ್ಟ್ರಫಿ. ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಗಿಟ್‌ಗೆ ಪಾಸ್‌ವರ್ಡ್ ಹೋಗಿಬಿಟ್ಟರೆ ಮುಂದಿನ ಕಮಿಟ್‌ನಲ್ಲಿ, ಅಂದರೆ ಮುಂದಿನ ದಾಖಲೆಯಲ್ಲಿ, ಅಳಿಸಿ ಪ್ರಯೋಜನವಿಲ್ಲ, ಹಳೆಯ ಪುಟದಲ್ಲಿ ಅದು ಇದ್ದೇ ಇರುತ್ತದೆ. ತಕ್ಷಣ ಪಾಸ್‌ವರ್ಡನ್ನೇ ಬದಲಿಸು. ಮುಖ್ಯವಾಗಿ, ಹೇಳಿಕೊಂಡವರಿಗೆ ಬೈಯಬೇಡ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ದಿನನಿತ್ಯದ ಮೇಲ್ವಿಚಾರಣೆಗೆ ಒಂದೇ ನಿಯಮ ಗಟ್ಟಿಯಾಗಿ ಹಿಡಿ: ಮೂವತ್ತು ನಿಮಿಷ ಸಿಕ್ಕಿಕೊಂಡರೆ ಕೇಳಬೇಕು, ಕೇಳುವಾಗ ಏನೇನು ಪ್ರಯತ್ನಿಸಿದೆ ಎಂದು ಮೂರು ಸಾಲು ಬರೆದು ತರಬೇಕು. ಅದನ್ನು ಬರೆಯುವಾಗಲೇ ಎಷ್ಟೋ ಗಂಟು ಬಿಚ್ಚಿಕೊಳ್ಳುತ್ತವೆ. "ಎಷ್ಟಾಯಿತು?" ಅಂದರೆ "ಆಯ್ತು ಮೇಡಂ, ಸ್ವಲ್ಪ ಇದೆ" ಅನ್ನುವವರ ಆ ಸ್ವಲ್ಪ ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಕೇಳಬೇಡ, "ತೋರಿಸು" ಅನ್ನು, ವಾರಕ್ಕೆರಡು ಸಲ, ಅವರ ಲ್ಯಾಪ್‌ಟಾಪಿನಲ್ಲಿ ಅಲ್ಲ, ನಿನ್ನ ಫೋನಿನಲ್ಲಿ. ರಿವ್ಯೂಗೆ ಬರುವ ಕೋಡ್ 200 ಸಾಲು ಮೀರಿದರೆ ವಾಪಸ್ ಕಳಿಸು. 900 ಸಾಲು ನೋಡಿದವರು "ಚೆನ್ನಾಗಿದೆ" ಅಂತ ಬರೆದು ಮಲಗುತ್ತಾರೆ, ನೀನೂ ಅಷ್ಟೇ.

ಕೊನೆಯ ಎರಡು ವಾರ ಹೊಸ ಕೆಲಸ ನಿಲ್ಲಿಸು. ಒಬ್ಬ ಬರೆದ ಸೂಚನೆಯನ್ನು ಇನ್ನೊಬ್ಬಳು ಖಾಲಿ ಲ್ಯಾಪ್‌ಟಾಪಿನಲ್ಲಿ, ಬರೆದವನನ್ನು ಕೇಳದೆ, ಸಾಲುಸಾಲಾಗಿ ಅನುಸರಿಸಿ ಸೈಟ್ ಎಬ್ಬಿಸಲಿ. ಅವಳು ನಿಂತ ಜಾಗದಲ್ಲೆಲ್ಲ ಸೂಚನೆ ತಿದ್ದಬೇಕು. ಡೊಮೇನ್ ಮತ್ತು ಸರ್ವರ್ ಖಾತೆ ಹುಡುಗರ ಸ್ವಂತ ಇಮೇಲ್‌ನಲ್ಲಿ ಇದ್ದರೆ ಈಗಲೇ ಕಾಲೇಜಿನ ಹೆಸರಿಗೆ ಬದಲಿಸು. ಅವರು ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೆ ಫೋನ್ ಎತ್ತುತ್ತಾರೆ ಎಂದುಕೊಳ್ಳಬೇಡ.

ನಿನ್ನ ಫಾರ್ಮಿನ ಮೊದಲ ಪರದೆಯ ಸ್ಕ್ರೀನ್‌ಶಾಟ್ ಕಳಿಸು, ಭಾನುವಾರ ಮಾತಾಡುವಾಗ ನೋಡೋಣ. ಅಪ್ಪನಿಗೂ ಹೇಳು: ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಆ ರಾತ್ರಿ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ನಮ್ಮ ಬುಕಿಂಗ್ ಕೋಡಿಗೆ ಅದೂ ಒಂದು ತಲೆನೋವು. ನಾನು ಬೆಳಿಗ್ಗೆ ಎಂಟಕ್ಕೇ ಮಾಡುತ್ತೇನೆ, ನಿಮಗೆ ಸಂಜೆ ಆರೂವರೆ ಬದಲು ಏಳೂವರೆ ಆಗುತ್ತದೆ. ಅಪ್ಪ ಆರೂವರೆಗೇ ಫೋನ್ ಹಿಡಿದು ಕೂರುವುದು ಬೇಡ.

ನಿನ್ನ ಅಣ್ಣ