ಬಂಡೆ ಒಡೆಸುವ ಮುನ್ನ

ಪ್ರಿಯ ಮಂಜುನಾಥ,

ಚಿತ್ರದುರ್ಗದ ನಿನ್ನ ನಿವೇಶನದಲ್ಲಿ ಪಾಯಕ್ಕೆ ಅಡ್ಡವಾಗಿರುವ ಬಂಡೆಯನ್ನು ಒಡೆಸಿಬಿಡುವಂತೆ ಮೇಸ್ತ್ರಿ ಹೇಳುತ್ತಿದ್ದಾರೆಂದು ಬರೆದಿದ್ದೆ. ಆ ಪತ್ರ ತಲುಪಿದ ಮರುವಾರವೇ ಕ್ಯಾಲಿಫೋರ್ನಿಯಾದ ಮರುಭೂಮಿಯ ಊರಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ ನಾನು ಒಂದು ಮನೆ ನೋಡಿ ಬಂದೆ. ದಯವಿಟ್ಟು ಇದನ್ನು ಓದುವವರೆಗೆ ಕೆಲಸ ನಿಲ್ಲಿಸು.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ 1964ರಲ್ಲಿ ಆ ಮನೆಯನ್ನು ತಮಗಾಗಿ ಕಟ್ಟಿಕೊಂಡರು. ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ ಅವರ ಪ್ಯಾರಿಸ್ ಕಚೇರಿಯಲ್ಲಿ ಯೌವನದಲ್ಲಿ ದುಡಿದವರು ಇವರು. ಬೆಟ್ಟದ ಇಳಿಜಾರಿನಲ್ಲಿ ಜಾಗ ಗೊತ್ತುಮಾಡಿಕೊಂಡ ಮೇಲೂ ಅವಸರಪಡದೆ, ಹತ್ತು ಅಡಿಯ ಕೋಲು ನೆಟ್ಟು, ವರ್ಷವಿಡೀ ಸೂರ್ಯನ ಚಲನೆಯನ್ನು ಅಳೆದು, ಆಮೇಲೆ ನಕ್ಷೆ ಬರೆದರು. ಮನೆ ಸುಮಾರು 800 ಚದರ ಅಡಿಯದು, ಅಷ್ಟೇ. ಬೆಟ್ಟದ ದೊಡ್ಡ ಬಂಡೆಯೊಂದು ಗಾಜಿನ ಗೋಡೆಯನ್ನು ದಾಟಿ ಒಳಗೆ ಬಂದು, ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ನಿಂತಿದೆ. ಅದರ ಉಬ್ಬುತಗ್ಗುಗಳಿಗೆ ಹೊಂದುವಂತೆ ಗಾಜನ್ನೇ ಕತ್ತರಿಸಿ ಕೂರಿಸಿದ್ದಾರೆ. ದೀಪದ ಸ್ವಿಚ್ಚು ಕೂಡ ಬಂಡೆಯ ಮೇಲೆಯೇ ಇದೆ. ಪರದೆಗಳಿಗೆ ಆರಿಸಿದ್ದು ವಸಂತದಲ್ಲಿ ಆ ಬೆಟ್ಟದ ತುಂಬ ಅರಳುವ ಎನ್ಸೀಲಿಯಾ ಹೂವಿನ ಹಳದಿ. 1998ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯೇ ಇದ್ದರು.

ಕೆಳಗಿನ ಊರಿನಲ್ಲಿ ಅಲೆಕ್ಸಾಂಡರ್ ಕಂಪನಿಯವರು 1950ರ ದಶಕದ ನಡುವಿನಿಂದ ಹತ್ತು ವರ್ಷಗಳಲ್ಲಿ ಕಟ್ಟಿದ ಎರಡು ಸಾವಿರಕ್ಕೂ ಹೆಚ್ಚು ಮನೆಗಳಿವೆ. ಅವುಗಳಲ್ಲಿ ವಿಲಿಯಂ ಕ್ರೈಸೆಲ್ ವಿನ್ಯಾಸಗೊಳಿಸಿದವುಗಳನ್ನು ನೋಡುತ್ತ ಬೀದಿಯಲ್ಲಿ ನಡೆದರೆ ಒಂದೇ ನಕ್ಷೆಯ ಮನೆಗಳೆಂದು ಗೊತ್ತೇ ಆಗುವುದಿಲ್ಲ. ನಕ್ಷೆಯನ್ನು ತಿರುಗಿಸಿ, ಒಂದಕ್ಕೆ ಚಪ್ಪಟೆ ಸೂರು, ಇನ್ನೊಂದಕ್ಕೆ ಚಿಟ್ಟೆಯ ರೆಕ್ಕೆಯಂತೆ ಮೇಲೆದ್ದ ಸೂರು ಹಾಕಿದ್ದಾರೆ. ನಿನ್ನ ನಕ್ಷೆಯನ್ನೂ ಬಂಡೆಗೆ ತಕ್ಕಂತೆ ಹಾಗೆ ತಿರುಗಿಸಬಹುದು.

ಆದರೆ ಫ್ರೇ ಅವರ ಗಾಜನ್ನು ನೀನು ಅನುಸರಿಸಬೇಡ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಆ ಊರಿನಲ್ಲಿ ಅಷ್ಟು ಗಾಜು ಏರ್‌ಕಂಡೀಷನರಿನ ಬಲದಿಂದಲೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರಲ್ಲಿ ಅಲ್ಲಿಯೇ ಮುಗಿಸಿದ ಕೌಫ್‌ಮನ್ ಮನೆಯಲ್ಲಿ ಬಿಸಿಲಿಗೂ ಮರಳುಗಾಳಿಗೂ ತಡೆಯಾಗಿ ತಿರುಗಿಸಬಲ್ಲ ಲೋಹದ ಪಟ್ಟಿಗಳನ್ನು ನಿಲ್ಲಿಸಿದ್ದಾರೆ. ನಿನಗೆ ಪಡುವಣದ ಗೋಡೆಯಲ್ಲಿ ಜಾಲಂಧ್ರ, ಅದರ ಮೇಲೆ ಅಗಲವಾದ ಸಜ್ಜಾ ಸಾಕು.

ಪಾಯದ ಗುರುತನ್ನು ಬಂಡೆಯಿಂದ ನಾಲ್ಕಡಿ ಸರಿಸಲು ಸಾಧ್ಯವೇ ಎಂದು ಮೇಸ್ತ್ರಿಯವರನ್ನು ಕೇಳು. ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಅದರ ನೆರಳು ಎಲ್ಲಿ ಬೀಳುತ್ತದೆಂದು ಸುಣ್ಣದಲ್ಲಿ ಗೆರೆ ಎಳೆದು, ಫೋಟೋ ಕಳುಹಿಸು.

ನಿನ್ನ,
ಶ್ರೀಧರ