ಗಾಣದ ಕಡೆಯಿಂದ ಒಂದು ಪತ್ರ: ಇನ್ಮೇಲೆ "ಮಾನ್ಯ ಗ್ರಾಹಕರೇ" ಇರಲ್ಲ

ಎಲ್ಲರಿಗೂ ನಮಸ್ಕಾರ,

ಮುಂದಿನ ತಿಂಗಳು ಒಂದನೇ ತಾರೀಖಿಂದ ನಮ್ಮ ಕಡೆಯಿಂದ ಬರೋ ವಾಟ್ಸಾಪ್ ಮೆಸೇಜು, ಬಿಲ್ ಜೊತೆ ಇಡೋ ಚೀಟಿ, ಡಬ್ಬಕ್ಕೆ ಕಟ್ಟೋ ಟ್ಯಾಗು, ಇವೆಲ್ಲ ಸ್ವಲ್ಪ ಬೇರೆ ಥರ ಇರುತ್ತೆ. ಎಣ್ಣೆ ಅದೇ, ಗಾಣ ಅದೇ, ರೇಟೂ ಅದೇ (ರೇಟಿನ ಮಾತು ಕೆಳಗಿದೆ, ಹೆದರ್ಕೋಬೇಡಿ). ಬದಲಾಗೋದು ನಾವು ಬರೆಯೋ ರೀತಿ ಅಷ್ಟೇ. ಅಷ್ಟಕ್ಕೆ ಇಷ್ಟುದ್ದ ಪತ್ರ ಯಾಕಪ್ಪಾ ಅಂದ್ರೆ, ಹೇಳದೆ ಕೇಳದೆ ಶುರು ಮಾಡಿದ್ರೆ ನಿಮ್ಮಲ್ಲಿ ಅರ್ಧ ಜನ ಇವರ ನಂಬರ್ ಹ್ಯಾಕ್ ಆಗಿದೆ ಅಂದ್ಕೊಂಡು ಬ್ಲಾಕ್ ಮಾಡ್ತೀರ, ಇನ್ನರ್ಧ ಜನ ಫೋನ್ ಮಾಡಿ "ಎಲ್ಲಾ ಆರಾಮಾ?" ಅಂತ ವಿಚಾರಿಸ್ಕೋತೀರ. ಎಲ್ಲಾ ಆರಾಮು.

ಇಷ್ಟು ದಿನ ನಿಮಗೆ ಏನ್ ಬರ್ತಿತ್ತು ನೋಡಿ. "ಮಾನ್ಯ ಗ್ರಾಹಕರೇ, ತಮ್ಮ ಆದೇಶವನ್ನು ಯಶಸ್ವಿಯಾಗಿ ಸ್ವೀಕರಿಸಲಾಗಿದೆ. ಶೀಘ್ರದಲ್ಲೇ ರವಾನಿಸಲಾಗುವುದು. ತಮ್ಮ ಸಹಕಾರಕ್ಕೆ ಧನ್ಯವಾದಗಳು." ಇದರಲ್ಲಿ ತಪ್ಪೇನಿಲ್ಲ, ಮಾಹಿತಿನೂ ಇಲ್ಲ. ಶೀಘ್ರ ಅಂದ್ರೆ ನಾಡಿದ್ದಾ, ಯುಗಾದಿ ಕಳೆದ್ಮೇಲಾ? ಎರಡು ಲೀಟರ್ ಎಣ್ಣೆ ಆರ್ಡರ್ ಮಾಡೋದ್ರಲ್ಲಿ ಯಶಸ್ಸು ಎಲ್ಲಿಂದ ಬಂತು? ಇದನ್ನ ಓದಿದ ಮೇಲೂ ನೀವು ಫೋನ್ ಮಾಡೇ ಮಾಡ್ತೀರ, ಆಗ ಫೋನ್ ಎತ್ತಿದ ನಮ್ಮ ಹುಡುಗ "ಅಕ್ಕಾ, ಶುಕ್ರವಾರ ಗಾಣಕ್ಕೆ ಹಾಕ್ತೀವಿ, ಎರಡು ದಿನ ತಿಳಿಯಾಗೋಕೆ ಬಿಡ್ಬೇಕು, ಸೋಮವಾರ ಗಾಡಿ ಹತ್ತುತ್ತೆ" ಅಂತಾನೆ, ನೀವು "ಸರಿ ಕಣಪ್ಪಾ" ಅಂತ ಇಡ್ತೀರ. ಅಂದ್ರೆ ಕೆಲಸ ಮಾಡಿದ್ದು ಫೋನು, ಮೆಸೇಜು ಸುಮ್ನೆ ಬಂದು ಹೋಯ್ತು. ಆ ಹುಡುಗ ಬಾಯಲ್ಲಿ ಹೇಳೋದನ್ನೇ ಮೊದಲೇ ಬರೆದು ಕಳಿಸಿದ್ರೆ ಆಯ್ತಲ್ಲ ಅನ್ನೋದೇ ಈ ಬದಲಾವಣೆಯ ಒಳಗಿರೋ ಇಡೀ ಐಡಿಯಾ.

ಹಂಗಾಗಿ ಇನ್ಮೇಲೆ ಬರೋದು ಹೀಗಿರುತ್ತೆ: "ಆರ್ಡರ್ ಬಂತು. ಕಡ್ಲೆಕಾಯಿ ಎಣ್ಣೆ ಎರಡು ಲೀಟರ್, ಕೊಬ್ಬರಿ ಎಣ್ಣೆ ಒಂದು. ಶುಕ್ರವಾರ ಗಾಣ ತಿರುಗುತ್ತೆ, ಶನಿವಾರ ಭಾನುವಾರ ಎಣ್ಣೆ ಸುಮ್ನೆ ಕೂತು ತಿಳಿಯಾಗುತ್ತೆ, ಸೋಮವಾರ ಹೊರಡುತ್ತೆ. ನಡುವೆ ಫೋನ್ ಮಾಡಿದ್ರೆ ಬೇಗ ತಿಳಿಯಾಗಲ್ಲ, ಆದ್ರೂ ಮಾಡಿ, ಮಾತಾಡೋಣ."

ಇದು ಬಿದ್ದು ಬಿದ್ದು ನಗೋ ಜೋಕೇನಲ್ಲ, ಗೊತ್ತು. ನಗಿಸೋದು ನಮ್ಮ ಬಿಸಿನೆಸ್ಸೂ ಅಲ್ಲ. ಆದ್ರೆ ಆ ಕೊನೇ ಸಾಲಿಗೋಸ್ಕರ ಜನ ಮೇಲಿನ ಮೂರು ಸಾಲನ್ನ ಓದ್ತಾರೆ, ಮತ್ತೆ ಆ ಮೂರು ಸಾಲಲ್ಲಿ ದಿನ ಇದೆ, ಲೀಟರ್ ಇದೆ, ತಡ ಯಾಕೆ ಆಗುತ್ತೆ ಅನ್ನೋ ಕಾರಣ ಇದೆ. ತಮಾಷೆ ಇರ್ಬೇಕಾಗಿರೋದು ಅಷ್ಟಕ್ಕೇ. ವಿಷಯ ಇಲ್ದೆ ಬರೀ ಹಾಸ್ಯ ಕಳ್ಸೋಕೆ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ಚಿಕ್ಕಪ್ಪ ಇದ್ದೇ ಇದ್ದಾರೆ, ಅವರ ಜೊತೆ ನಾವು ಕಾಂಪಿಟೇಶನ್ ಮಾಡಲ್ಲ.

ಹೋಗಲಿ, ಇದೇನು ಹೊಸದಾ? ನಮ್ಮ ಕಡೆ ಅಂಗಡಿಗಳು ಮೊದಲಿಂದಾನೂ ಹಿಂಗೇ ಮಾತಾಡಿರೋದು. "ಇಂದು ನಗದು, ನಾಳೆ ಉದ್ರಿ" ಅನ್ನೋ ಬೋರ್ಡು ನೋಡದೇ ಇರೋರು ಯಾರಿದ್ದಾರೆ, ಸಾಲ ಕೊಡಲ್ಲ ಅನ್ನೋದನ್ನ ಅದಕ್ಕಿಂತ ನಾಜೂಕಾಗಿ ಯಾವ ಬ್ಯಾಂಕೂ ಹೇಳಿಲ್ಲ. ಲಾರಿ ಹಿಂದೆ, ಆಟೋ ಹಿಂದೆ ಬರೆದಿರೋದು ಒಂದೊಂದೂ ಒಬ್ಬೊಬ್ಬ ಮನುಷ್ಯ ಮಾತಾಡ್ದಂಗೇ ಇರುತ್ತೆ. ಎಲ್ಲಿ ಕಳ್ಕೊಂಡ್ವಿ ಅಂದ್ರೆ, ಅಂಗಡಿಗೆ ಕಂಪ್ಯೂಟರ್ ಬಂದಾಗ, ಲೆಟರ್‌ಹೆಡ್ ಪ್ರಿಂಟ್ ಆದಾಗ. ಕೌಂಟರಲ್ಲಿ "ಬನ್ನಿ ಅಜ್ಜಿ, ಈ ಸಲ ಹುಚ್ಚೆಳ್ಳೆಣ್ಣೆ ಘಮ್ ಅಂತಿದೆ" ಅನ್ನೋ ಮನುಷ್ಯ ಕೀಬೋರ್ಡ್ ಮುಂದೆ ಕೂತ ತಕ್ಷಣ ತಹಶೀಲ್ದಾರ್ ಆಫೀಸಿನ ಗುಮಾಸ್ತ ಆಗ್ಬಿಡ್ತಾನೆ, "ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ" ಅಂತ ಶುರು ಮಾಡ್ತಾನೆ. ಯಾರು ಹೇಳ್ಕೊಟ್ರು ಇದನ್ನ?

ದೊಡ್ಡೋರು ಮಾಡಿಲ್ವಾ ಅಂದ್ರೆ ಮಾಡಿದ್ದಾರೆ. ಏರ್ ಇಂಡಿಯಾದ ಮಹಾರಾಜ ಇದ್ದಾನಲ್ಲ, ದಪ್ಪ ಮೀಸೆ ಬಿಟ್ಕೊಂಡು ನಡು ಬಗ್ಗಿಸಿ ಸಲಾಂ ಮಾಡೋನು, ಅವನು 1946ರಲ್ಲಿ ಹುಟ್ಟಿದ್ದು ಜಾಹೀರಾತಿಗಲ್ಲ, ವಿಮಾನದೊಳಗೆ ಪ್ರಯಾಣಿಕರಿಗೆ ಕೊಡೋ ಚೀಟಿ ಪುಸ್ತಕಕ್ಕೆ. ಏರ್ ಇಂಡಿಯಾದಲ್ಲೇ ಕೆಲಸ ಮಾಡ್ತಿದ್ದ ಬಾಬಿ ಕೂಕಾ ಅನ್ನೋರ ಐಡಿಯಾ, ಉಮೇಶ್ ರಾವ್ ಬರೆದ ಚಿತ್ರ. ಒಂದು ಚೀಟಿ ಮೇಲಿನ ಚಿತ್ರ ಇಡೀ ಕಂಪನಿಯ ಮುಖ ಆಗೋಯ್ತು. ಇನ್ನು ಅಮುಲ್ ಹುಡುಗಿ 1966ರಿಂದ ರಸ್ತೆ ಬದಿ ಹೋರ್ಡಿಂಗಲ್ಲಿ ನಿಂತ್ಕೊಂಡು ದಿನದ ಸುದ್ದಿ ಹಿಡ್ಕೊಂಡು ಕಾಲೆಳೀತಾನೇ ಇದ್ದಾಳೆ, ಮತ್ತೆ ಅಮುಲ್ ಅನ್ನೋದು ಹಾಲು ಹಾಕೋ ರೈತರ ಸಹಕಾರಿ ಅನ್ನೋದು ನೆನಪಿರಲಿ, ಯಾವುದೋ ಫಾರಿನ್ ಕಂಪನಿ ಅಲ್ಲ. ಒಂದೇ ವ್ಯತ್ಯಾಸ, ರಾಜಕೀಯದ ತಮಾಷೆಗೆ ನಾವು ಕೈ ಹಾಕಲ್ಲ. ಅವರಿಗೆ ವಕೀಲರಿದ್ದಾರೆ, ನಮಗಿರೋದು ಲೆಕ್ಕ ಬರೆಯೋರು ಒಬ್ಬರು, ಅವರೂ ಮಾರ್ಚ್ ತಿಂಗಳಲ್ಲಿ ಫೋನ್ ಎತ್ತಲ್ಲ.

ಈ ಥರ ಬರೆಯೋದ್ರಿಂದ ನಿಜವಾಗ್ಲೂ ಉಪಯೋಗ ಎಲ್ಲಿ ಅನ್ನೋದಕ್ಕೆ ಚಳಿಗಾಲದ ವಿಷ್ಯ ಹೇಳ್ತೀನಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿ ಆಗುತ್ತೆ, ಅದು ಅದರ ಸ್ವಭಾವ, ನಾವೂ ನೀವೂ ಏನೂ ಮಾಡೋಕಾಗಲ್ಲ. ಆದ್ರೆ ಡಿಸೆಂಬರ್ ಬಂತು ಅಂದ್ರೆ ಸಾಕು, ಬೆಂಗಳೂರಿಂದ ಬೆಳ್ ಬೆಳಿಗ್ಗೆ ಫೋಟೋ ಬರೋಕೆ ಶುರು, ಬಾಟ್ಲಿ ತಲೆಕೆಳಗೆ ಹಿಡ್ದಿರೋದು, ಎಣ್ಣೆ ಬೆಳ್ಳಗೆ ಕಲ್ಲಾಗಿ ಕೂತಿರೋದು, ಕೆಳಗೆ "ಇದ್ರಲ್ಲಿ ಮೇಣ ಹಾಕಿದ್ದೀರಾ?" ಅಂತ. ನಾವು ಪ್ರತಿ ವರ್ಷ "ಕಡಿಮೆ ಉಷ್ಣಾಂಶದಲ್ಲಿ ಘನೀಕರಣಗೊಳ್ಳುವುದು ಸಹಜ ಪ್ರಕ್ರಿಯೆ" ಅಂತ ಲೇಬಲ್ ಮೇಲೆ ಹಾಕ್ತಾನೇ ಇದ್ವಿ, ಯಾರೂ ಓದಿಲ್ಲ. ಹಂಗಾಗಿ ಈ ಸಲ ಡಿಸೆಂಬರ್ ಶುರುವಲ್ಲೇ ಬರೋ ಚೀಟಿ ಇದು: "ಚಳಿ ಬಂತು. ನಿಮ್ಮ ಕೊಬ್ಬರಿ ಎಣ್ಣೆ ಬೆಳಿಗ್ಗೆ ಏಳಲ್ಲ. ಬೈಬೇಡಿ, ಬಾಟ್ಲಿನ ಬಿಸಿನೀರಲ್ಲಿ ಹತ್ತು ನಿಮಿಷ ಕೂರಿಸಿ. ಸ್ಟೌ ಮೇಲೆ ಇಡಬೇಡಿ, ಬಾಟ್ಲಿ ಒಡೆಯುತ್ತೆ, ಆಮೇಲೆ ನಾವೂ ಏಳಲ್ಲ." ಬುದ್ಧಿವಾದ ಅದೇ, ಆದ್ರೆ ಇದನ್ನ ಓದ್ತಾರೆ, ಓದಿ ಪಕ್ಕದ್ಮನೆಯೋರಿಗೂ ಹೇಳ್ತಾರೆ ಅನ್ನೋ ನಂಬಿಕೆ.

ತಳದಲ್ಲಿ ಕೂರೋ ಮಡ್ಡಿ ಬಗ್ಗೆನೂ ಹಿಂಗೇ ಒಂದು ಟ್ಯಾಗ್ ರೆಡಿ ಇದೆ, ಅದನ್ನ ಡಬ್ಬದ ಮೇಲೇ ನೋಡಿ, ಇಲ್ಲೇ ಹೇಳಿದ್ರೆ ಮಜಾ ಹೋಗುತ್ತೆ.

ಈಗ ಎಲ್ಲಿ ತಮಾಷೆ ಮಾಡಲ್ಲ ಅನ್ನೋದು. ಇದರ ಬಗ್ಗೆ ನಮ್ಮೊಳಗೇ ಜಾಸ್ತಿ ಚರ್ಚೆ ಆಗಿದ್ದು, ಹಂಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ರೇಟ್ ಏರಿದ್ರೆ ನಗಾಡ್ಕೊಂಡು ಹೇಳಲ್ಲ. 2025ರಲ್ಲಿ ಏನಾಯ್ತು ಅಂತ ನಿಮಗೇ ಗೊತ್ತು, ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ, ತಿಪಟೂರು ಮಾರ್ಕೆಟಲ್ಲಿ ರೇಟು 20 ಸಾವಿರ ದಾಟಿ ಎಲ್ಲೋ ಹೋಯ್ತು. ಬೆಳೆದವರಿಗೆ ಅಪರೂಪಕ್ಕೆ ನಾಲ್ಕು ಕಾಸು ಸಿಕ್ತು, ಒಳ್ಳೇದೇ ಆಯ್ತು, ಆದ್ರೆ ಎಣ್ಣೆ ಕೊಳ್ಳೋರ ಜೇಬಿಂದ ಹೋಗೋ ದುಡ್ಡಿಗೆ ನಾವು ಪ್ರಾಸ ಕಟ್ಟಿ ಹಾಡಿದ್ರೆ ನಿಮಗೆ ಮೈ ಉರಿಯುತ್ತೆ, ಉರೀಲೇಬೇಕು. ಹಂಗಾಗಿ ರೇಟಿನ ಮೆಸೇಜಲ್ಲಿ ಹಳೇ ರೇಟು, ಹೊಸ ರೇಟು, ಯಾವತ್ತಿಂದ, ಯಾಕೆ, ಇಷ್ಟೇ ಇರುತ್ತೆ. ಕಡ್ಲೆಕಾಯಿ ಎಣ್ಣೆ ಆದ್ರೆ ಲೀಟರಿಗೆ ಎರಡೂವರೆ ಕೆಜಿ ಹತ್ರ ಬೀಜ ಬೇಕು, ಬೀಜದ ರೇಟ್ ಗುಣಿಸಿ ನೋಡ್ಕೊಳ್ಳಿ ಅಂತ ಲೆಕ್ಕಾನೂ ಹಾಕಿರ್ತೀವಿ, ಹಿಂಡಿ ಮಾರಿದ್ದು ಎಷ್ಟು ಬಂತು ಅನ್ನೋದೂ ಸೇರಿಸಿ.

ಬಾಕಿ ಕೇಳೋವಾಗಲೂ ತಮಾಷೆ ಇಲ್ಲ. ಇದು ಕೇಳೋಕೆ ವಿಚಿತ್ರ ಅನ್ಸುತ್ತೆ, ಯಾಕಂದ್ರೆ ಮೇಲೆ ಹೊಗಳಿದ ಉದ್ರಿ ಬೋರ್ಡೇ ಸಾಲದ ಬಗ್ಗೆ ಇರೋದು. ಆದ್ರೆ ಬೋರ್ಡು ಎಲ್ಲರಿಗೂ ಹೇಳುತ್ತೆ, ಯಾರಿಗೂ ನಾಟಲ್ಲ, ಸಾಲ ಕೇಳೋಕೆ ಬಂದೋನೂ ಓದಿ ನಕ್ಕು ಬೀಡಿ ಕಟ್ಟಿಗೆ ಕಾಸು ಕೊಟ್ಟು ಹೋಗ್ತಾನೆ. ಅದೇ ಮಾತನ್ನ ಒಬ್ಬರ ಫೋನಿಗೆ, ಅವರ ಹೆಸರು ಹಾಕಿ ಕಳ್ಸಿದ್ರೆ ಅದು ಹಂಗಿಸಿದಂಗೆ. ಬರಹದಲ್ಲಿ ನಮ್ಮ ಮುಖ ಕಾಣಲ್ಲ, ದನಿ ಕೇಳಲ್ಲ, ಹಿಂದೆ ಒಂದು ನಗೋ ಮುಖದ ಇಮೋಜಿ ಹಾಕಿದ್ರೆ ಇನ್ನೂ ಕೆಟ್ಟದಾಗಿ ಕಾಣುತ್ತೆ. ಆ ಮನೇಲಿ ಆ ತಿಂಗಳು ಏನು ನಡೀತಿದೆಯೋ ಯಾರಿಗ್ಗೊತ್ತು. ಬಾಕಿ ಇಷ್ಟಿದೆ, ಅನುಕೂಲ ಆದಾಗ ಕೊಡಿ, ಕಷ್ಟ ಇದ್ರೆ ಫೋನ್ ಮಾಡಿ, ಅಷ್ಟೇ.

ಕಂಪ್ಲೇಂಟ್ ಬಂದ್ರೂ ಅಷ್ಟೇ. ಬಾಕ್ಸ್ ಒಡೆದು ನಿಮ್ಮನೆ ಹೊಸ್ತಿಲ ಮೇಲೆ ಎಣ್ಣೆ ಹರಿದಿದ್ರೆ "ಬಾಗಿಲಿಗೇ ಎಣ್ಣೆ ಸ್ನಾನ" ಅಂತ ಉತ್ತರ ಬರೆಯೋ ಬುದ್ಧಿವಂತ ನಮ್ಮಲ್ಲೂ ಒಬ್ಬ ಇದ್ದಾನೆ, ಅವನ ಕೈಗೆ ಆ ಫೋನ್ ಕೊಟ್ಟಿಲ್ಲ. ಮೊದಲು ಬೇರೆ ಎಣ್ಣೆ ಬರುತ್ತೆ ಇಲ್ಲಾ ದುಡ್ಡು ವಾಪಸ್ ಬರುತ್ತೆ, ಆಮೇಲೆ ನೀವಾಗೇ ನಕ್ಕರೆ ನಾವೂ ಸೇರ್ಕೋತೀವಿ. ಮತ್ತೆ ಆರೋಗ್ಯದ ಮಾತು. ಕೂದಲು ಮಂಡಿ ತನಕ ಬೆಳೆಯುತ್ತೆ, ಶುಗರ್ ಓಡೋಗುತ್ತೆ ಅಂತೆಲ್ಲ ತಮಾಷೆಗೂ ಬರೆಯಲ್ಲ, ಆಹಾರ ಜಾಹೀರಾತಿಗೆ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮಾಡಿರೋ 2018ರ ಎಫ್‌ಎಸ್‌ಎಸ್‌ಎಐ ನಿಯಮಗಳಿವೆ ಅನ್ನೋದು ಒಂದು ಕಡೆ, ತಮಾಷೆ ಅಂತ ಬರೆದಿದ್ದನ್ನ ನಂಬಿ ಮಾತ್ರೆ ಬಿಡೋರು ಇರ್ತಾರೆ ಅನ್ನೋದು ಇನ್ನೊಂದು ಕಡೆ. ಲೇಬಲ್ ಹಿಂದುಗಡೆ ಇರೋ ತೂಕ, ಎಂಆರ್‌ಪಿ, ಲೈಸೆನ್ಸ್ ನಂಬರು, ಬಳಸೋ ಅವಧಿ, ಇವೆಲ್ಲ ಮೊದಲಿನ ಥರಾನೇ ಗಂಭೀರವಾಗಿ ಕೂತಿರುತ್ತೆ.

ಹಾಂ, ಇನ್ನೊಂದು. "ಎಣ್ಣೆ ಪಾರ್ಟಿ" ಜೋಕು ಮಾಡಲ್ಲ. ಗಾಣ ಹಾಕಿದ ದಿನದಿಂದ ಬಂದೋರೆಲ್ಲ ಮಾಡಿ ಮುಗಿಸಿದ್ದಾರೆ, ಅದರಲ್ಲಿ ಇನ್ನು ಹಿಂಡೋಕೆ ಏನೂ ಉಳಿದಿಲ್ಲ.

ಎಸ್ಸೆಮ್ಮೆಸ್ ಬಗ್ಗೆ ಹೇಳ್ಬೇಕು, ಯಾಕಂದ್ರೆ ಅದು ಬದಲಾಗಲ್ಲ, ಆಗ "ಎಲ್ರೀ ನಿಮ್ ತಮಾಷೆ" ಅಂತ ಕೇಳ್ತೀರ. ಕಂಪನಿ ಹೆಸರಲ್ಲಿ ಹೋಗೋ ಎಸ್ಸೆಮ್ಮೆಸ್ಸಿಗೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ನಿಯಮ ತಂದಿದೆ, ಏನ್ ಕಳ್ಸ್ತೀವಿ ಅನ್ನೋ ಮಾದರಿನ ಡಿಎಲ್‌ಟಿ ಅನ್ನೋ ಫೋನ್ ಕಂಪನಿಗಳ ನೋಂದಣಿ ವೆಬ್‌ಸೈಟಲ್ಲಿ ಮೊದಲೇ ರಿಜಿಸ್ಟರ್ ಮಾಡ್ಸಿ ಒಪ್ಪಿಗೆ ತಗೋಬೇಕು, ಒಪ್ಪಿಗೆ ಸಿಕ್ಕ ಸಾಲಿಗಿಂತ ಬೇರೆ ಥರ ಬರೆದ್ರೆ ಮೆಸೇಜ್ ಹೋಗೋದೇ ಇಲ್ಲ. ಸ್ಪ್ಯಾಮು, ಮೋಸ ತಡೆಯೋಕೆ ಒಳ್ಳೇ ವ್ಯವಸ್ಥೆನೇ, ಆದ್ರೆ ಅಪ್ರೂವಲ್‌ಗೆ ಕಾದು ಕೂತ ಜೋಕು ಜೋಕಾಗಿ ಉಳಿಯುತ್ತಾ ಹೇಳಿ. ಅದರ ಮೇಲೆ ಜಾಗದ ಗಲಾಟೆ. ಇಂಗ್ಲಿಷಲ್ಲಾದ್ರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಾದ್ರೆ 70, ಅದ್ರಲ್ಲೂ ಒತ್ತು, ಕಾಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಕೊಬ್ಬರಿ ಎಣ್ಣೆ" ಅನ್ನೋಷ್ಟರಲ್ಲಿ 13 ಖರ್ಚು. "ಮಾನ್ಯ ಗ್ರಾಹಕರೇ" ಅಂದ್ರೆ 14, ಅಂದ್ರೆ ಐದರಲ್ಲಿ ಒಂದು ಪಾಲು ಕೈಮುಗಿಯೋಕೇ ಹೋಯ್ತು, ಅದಕ್ಕೆ ದುಡ್ಡು ಕೊಡೋರು ನಾವು. ಹಂಗಾಗಿ ಎಸ್ಸೆಮ್ಮೆಸ್ಸಲ್ಲಿ ಒಟಿಪಿ, ದುಡ್ಡು ಬಂತು ಅನ್ನೋದು, ಇಷ್ಟೇ. ಮಾತೆಲ್ಲ ವಾಟ್ಸಾಪಲ್ಲಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಬರ್ಬೇಕು ಅಂದ್ರೆ ನಮ್ಮ ನಂಬರ್ ನಿಮ್ಮ ಫೋನಲ್ಲಿ ಸೇವ್ ಆಗಿರ್ಬೇಕು, ಇಲ್ದಿದ್ರೆ ನಾವು ಕಳ್ಸಿದ್ದು ನಿಮಗೆ ತಲುಪಲ್ಲ. ಏನಂತ ಬೇಕಾದ್ರೂ ಸೇವ್ ಮಾಡ್ಕೊಳ್ಳಿ, "ಗಾಣದಣ್ಣ" ಅಂತ ಜಾಸ್ತಿ ಜನ ಮಾಡ್ಕೊಂಡಿದ್ದಾರೆ, ಫೋನಲ್ಲಿ ಮಾತಾಡೋ ನಮ್ಮ ಅಕ್ಕನಿಗೆ ಅದರ ಬಗ್ಗೆ ಬೇಜಾರಿದೆ.

ಧಾರವಾಡ, ಗದಗ ಕಡೆಯೋರಿಗೆ ಒಂದು ಮಾತು. ನಾವು ತುಮಕೂರು ಸೀಮೆಯೋರು, ನಮ್ಮ ಬಾಯಲ್ಲಿ ಬರೋದು ಕಡ್ಲೆಕಾಯಿ, ನಿಮಗೆ ಅದು ಶೇಂಗಾ. ಬಿಲ್ಲಲ್ಲಿ ಎರಡೂ ಇರುತ್ತೆ. ನಿಮ್ಮ ಮಾತನ್ನ ಅನುಕರಣೆ ಮಾಡೋಕೆ ಹೋಗಲ್ಲ, ಸಿನಿಮಾದೋರು ಮಾಡಿ ನಿಮ್ಮ ಕೈಲಿ ಬೈಸ್ಕೊಂಡಿದ್ದು ನೋಡಿದ್ದೀವಿ.

ಇನ್ನು, ಈ ಥರದ್ದೆಲ್ಲ ಬೇಡಪ್ಪಾ, ವಿಷ್ಯ ಹೇಳಿ ಸಾಕು ಅನ್ನೋರು ಇರ್ತೀರ, ಅದು ನ್ಯಾಯಾನೇ. "ಸೀದಾ" ಅಂತ ಒಂದು ಮೆಸೇಜ್ ಹಾಕಿ, ನಿಮ್ಮ ಹೆಸರನ್ನ ಬೇರೆ ಲಿಸ್ಟಿಗೆ ಹಾಕ್ತೀವಿ, ಅದ್ರಲ್ಲಿ ದಿನ, ಲೀಟರು, ದುಡ್ಡು ಬಿಟ್ರೆ ಬೇರೇನೂ ಬರಲ್ಲ. ಕಾರಣ ಹೇಳೋದು ಬೇಕಿಲ್ಲ. ಯಾವುದಾದ್ರೂ ಸಾಲು ಮನಸ್ಸಿಗೆ ನೋವು ಮಾಡ್ತು ಅನ್ಸಿದ್ರೆ ಅದನ್ನೂ ತಿಳಿಸಿ, ಆ ಸಾಲು ಮತ್ತೆ ಯಾರಿಗೂ ಹೋಗಲ್ಲ.

ನಮ್ಮ ಎಣ್ಣೆ ಅಡುಗೆಗಾ ತಲೆಗಾ ಅಂತ ಕೆಲವರು ಕೇಳ್ತಾನೇ ಇರ್ತೀರ, ಅದಕ್ಕೂ ಇಲ್ಲೇ ಉತ್ತರ ಹೇಳ್ಬಿಡ್ತೀನಿ. ಸಣ್ಣ ಬಾಟ್ಲಿ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆನೋ ತಲೆಗೆ ಹಚ್ಚೋ ಎಣ್ಣೆನೋ ಅನ್ನೋ ತೆರಿಗೆ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ, 2024ರ ಡಿಸೆಂಬರಲ್ಲಿ ತೀರ್ಪು ಬಂತು, ಶುದ್ಧ ಕೊಬ್ಬರಿ ಎಣ್ಣೆನ ಸಣ್ಣ ಬಾಟ್ಲಿಗೆ ತುಂಬಿದ ಮಾತ್ರಕ್ಕೆ ಅದು ತಲೆಗೆಣ್ಣೆ ಆಗಿಬಿಡಲ್ಲ ಅಂತ. ನಮ್ಮದು ಅಡುಗೆ ಎಣ್ಣೆ. ಒಗ್ಗರಣೆ ಹಾಕಿ ಉಳಿದ್ರೆ ತಲೆಗೆ ಹಚ್ಕೊಳ್ಳಿ, ಕೋರ್ಟೂ ಕೇಳಲ್ಲ, ನಾವೂ ಕೇಳಲ್ಲ.

ಇಂತಿ ನಿಮ್ಮ,
ಗಾಣದ ಮನೆಯೋರು, ತಿಪಟೂರು

ತಾ.ಕ.: ಸ್ಟೀಲ್ ಕ್ಯಾನ್ ವಾಪಸ್ ಕೊಡೋರು ದಯವಿಟ್ಟು ತೊಳೆದು ಕೊಡಬೇಡಿ. ಒಳಗೆ ನೀರಿನ ಪಸೆ ಉಳಿದ್ರೆ ಮುಂದಿನ ಎಣ್ಣೆ ಕೆಡುತ್ತೆ. ಹಂಗೇ ಮುಚ್ಚಳ ಹಾಕಿ ಕೊಡಿ, ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಇಡೋದು ನಮ್ಮ ಕೆಲಸ. ಮುಚ್ಚಳ ಮಾತ್ರ ಮರೀಬೇಡಿ, ಇಲ್ಲಿ ಕ್ಯಾನಿಗಿಂತ ಮುಚ್ಚಳಕ್ಕೇ ಬರ ಬಂದಿದೆ.